ಹೊಳೆಯ ಪಾಲು

ಸುಭದ್ರಾ ಕಾಕು ಯಾರ ಮನೆಗೆ ಹೋದರೂ ಮೊದಲು ಒಂದು ಲೋಟ ನೀರು ಕೇಳುತ್ತಿದ್ದರು. ಬಾಯಾರಿಕೆಗಲ್ಲ. ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡು, ಮರೆತ ಹೆಸರೊಂದನ್ನು ನೆನಪು ಮಾಡಿಕೊಳ್ಳುವವರ ಹಾಗೆ ಸೂರು ನೋಡುತ್ತಿದ್ದರು. ನುಂಗಿದ ಮೇಲೆ ತೀರ್ಪು. ನಾವು ಪುಣೆಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯವರೆಂದು ಪರಿಚಯ ಮಾಡಿಕೊಳ್ಳಲು ಬಂದವರು ನನ್ನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಹೀಗೇ ಸೂರು ನೋಡಿದರು. ಫ್ಯಾನಿನ ಮೇಲಿನ ಧೂಳು ಕಂಡುಬಿಟ್ಟಿತೇನೋ ಎಂದು ನಾನು ನಾಚಿಕೊಂಡೆ.

"ಟಾಕಿ ತೊಳದು ಭಾಳ ದಿನ ಆಗೇದ," ಅಂದರು.

ತಾರಸಿಯ ಮೇಲಿನ ನೀರಿನ ಟ್ಯಾಂಕಿನ ವಿಷಯ. ಸೊಸೈಟಿಯ ಚೇರ್ಮನ್ನರು ನಿವೃತ್ತರಾದ ಮರಾಠಿ ಮೇಷ್ಟ್ರು. ದೀಪಾವಳಿಗೆ ತೊಳೆಸಿದ್ದೇನೆ ಎಂದು ವಾದಿಸಿದರು. ಕಾಕು ವಾದ ಮಾಡಲಿಲ್ಲ, ಅವರ ಮನೆ ಬಾಗಿಲಲ್ಲೇ ನಿಂತರು. ಕೊನೆಗೆ ಆ ಮೇಷ್ಟ್ರು ಏಣಿ ಹತ್ತಿ ನೋಡಿದರೆ ಮುಚ್ಚಳ ಸರಿದಿತ್ತು, ಪಾರಿವಾಳದ ಗೂಡಿನ ಕಡ್ಡಿಗಳೆಲ್ಲ ಒಳಗೆ ತೇಲುತ್ತಿದ್ದವು. ಅಂದಿನಿಂದ ಅವರು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ "ಕಾಯ್ ಕಾಕೂ, ಆಜ್ ಪಾಣಿ ಕಸಂ ಆಹೆ?" ಎಂದು, ಇವತ್ತು ನೀರು ಹೇಗಿದೆ ಎಂದು, ಕೇಳುವುದು ರೂಢಿಯಾಯಿತು. ಅವರು ತಮಾಷೆಗೆ ಕೇಳುತ್ತಿದ್ದರು. ಕಾಕು ಮಾತ್ರ ಒಂದು ಕ್ಷಣ ಯೋಚಿಸಿಯೇ ಉತ್ತರ ಕೊಡುತ್ತಿದ್ದರು.

ಆಗ ತೊಂಬತ್ತರ ದಶಕ. ಮಗರಪಟ್ಟಾದ ಎತ್ತರದ ಕಟ್ಟಡಗಳು ಇನ್ನೂ ಎದ್ದಿರಲಿಲ್ಲ. ನಮ್ಮ ಬಾಲ್ಕನಿಯಿಂದ ಕಬ್ಬಿನ ಹೊಲ ಕಾಣುತ್ತಿತ್ತು. ಕಾಕು ಕುಳ್ಳಗೆ, ತೆಳ್ಳಗೆ, ಒಂಬತ್ತು ಗಜದ ಸೀರೆಯಲ್ಲಿ ಇನ್ನಷ್ಟು ಕುಳ್ಳಗೆ. ಮಗ ಪ್ರಲ್ಹಾದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಸೊಸೆ ಶಾಲೆಗೆ ಹೋಗುತ್ತಿದ್ದ ಟೀಚರ್. ಕಾಕುವಿನ ತವರು ವಿಜಾಪುರದ ಕಡೆ, ಡೋಣಿ ಹೊಳೆಯ ದಂಡೆಯ ಒಂದು ಊರು. ಡೋಣಿಯ ನೀರು ಉಪ್ಪು. ಕಣ್ಣೆದುರಿಗೇ ಹೊಳೆ ಹರಿಯುತ್ತಿದ್ದರೂ ಕುಡಿಯುವ ನೀರಿಗೆ ಊರಾಚೆಯ ಹಳ್ಳಕ್ಕೆ ಹೋಗಿ, ಉಸುಕಿನಲ್ಲಿ ಕುಣಿ ತೋಡಿ, ಜಿನುಗಿದ್ದನ್ನು ಚಿಪ್ಪಿನಲ್ಲಿ ಮೊಗೆದು ತರಬೇಕಿತ್ತಂತೆ. ಏಳನೇ ವಯಸ್ಸಿಗೆ ಶುರುವಾದ ಕೆಲಸ. ನನಗೆ ಅದೇ ವಯಸ್ಸಿನಲ್ಲಿ ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕುದಿಸದ ನೀರಿನಲ್ಲಿ ಕಣ್ಣಿಗೆ ಕಾಣದ ಎಷ್ಟು ಶತ್ರುಗಳಿರುತ್ತಾರೆಂದು ಹೇಳಿಕೊಡುತ್ತಿದ್ದರು. ನೀರಿನ ವಿಷಯದಲ್ಲಿ ನಾವಿಬ್ಬರೂ ಕಟ್ಟುನಿಟ್ಟೇ. ಶಾಲೆ ಬೇರೆ ಅಷ್ಟೆ.

ನಮ್ಮ ಕಟ್ಟಡದ ನಾಲ್ಕು ಕನ್ನಡ ಸಂಸಾರಗಳು ಪ್ರತಿ ಜನವರಿಯಲ್ಲಿ ಭೋರ್ ದಾಟಿ ನೀರಾ ನದಿಯ ದಂಡೆಗೆ ಹೋಗಿ ಎರಡು ರಾತ್ರಿ ಟೆಂಟು ಹೊಡೆದು ಇರುವ ಪದ್ಧತಿ ಹುಟ್ಟಿದ್ದು ಇಬ್ಬರ ಆಸೆ ಕೂಡಿ. ಸಂಕ್ರಮಣಕ್ಕೆ ಹೊಳೆಯಲ್ಲಿ ಮಿಂದು ದಂಡೆಯ ಮೇಲೆ ಊಟ ಮಾಡಬೇಕೆಂಬುದು ಕಾಕುವಿನ ಆಸೆ. ನನ್ನ ಗಂಡನಿಗೆ ಹೊಸದಾಗಿ ಕೊಂಡ ಟೆಂಟನ್ನು ಹೇಗಾದರೂ ಬಿಚ್ಚಿ ಹೊಡೆಯಬೇಕಿತ್ತು. ಊಟ ಕಾಕುವಿನ ಕಡೆಯದು, ರಾತ್ರಿಯ ಟೆಂಟು ನಮ್ಮವರದು. ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮಾದಲಿ ಎಲ್ಲ ಬುಟ್ಟಿಗಳಲ್ಲಿ. ಎಲ್ಲದಕ್ಕಿಂತ ಮೊದಲು ಗಾಡಿ ಹತ್ತುತ್ತಿದ್ದುದು ಕಾಕುವಿನ ತಾಮ್ರದ ಕೊಡ. ಅದನ್ನು ಚಪ್ಪಲಿ, ಸ್ಟವ್‌ಗಳ ಜೊತೆ ಹಿಂದೆ ಇಡಲು ಬಿಡುತ್ತಿರಲಿಲ್ಲ. ಮಗುವಿನಂತೆ ತೊಡೆಯ ಮೇಲೆ. ಅದರ ಒಂದು ಬದಿ ನೆಗ್ಗಿತ್ತು. ಆ ನೆಗ್ಗು ಅವರ ಸೊಂಟಕ್ಕೆ ಎಷ್ಟು ಸರಿಯಾಗಿ ಕೂರುತ್ತಿತ್ತೆಂದರೆ, ಕೊಡ ಬಿದ್ದು ನೆಗ್ಗಿದ್ದೋ ಹೊತ್ತು ಹೊತ್ತು ಸವೆದದ್ದೋ ಹೇಳುವಂತಿರಲಿಲ್ಲ.

ಮೊದಲ ವರ್ಷ ನಾನು ಮುಂದಾಗಿ ದೊಡ್ಡ ಪಾತ್ರೆ ಹಿಡಿದು ಮೊಣಕಾಲಿನ ತನಕ ಹೊಳೆಗೆ ಇಳಿದೆ. ಹರಿಯುವ ನೀರು ನಿಂತ ನೀರಿಗಿಂತ ಶುದ್ಧ ಎಂದು ಓದಿದ್ದೆನಲ್ಲ, ನಡು ಹರಿವಿನಲ್ಲಿ ಪಾತ್ರೆ ತುಂಬಿಸಿಕೊಂಡು, ಸ್ವಲ್ಪ ಹೆಮ್ಮೆಯಿಂದಲೇ ದಂಡೆಗೆ ಬಂದೆ. ಕಾಕು ಪಾತ್ರೆಯೊಳಗೆ ಇಣುಕಲೂ ಇಲ್ಲ. ಗದ್ದ ಎತ್ತಿ ಹೊಳೆಯ ಮೇಲಿನ ತಿರುವನ್ನು ತೋರಿಸಿದರು. ಅಲ್ಲಿ ಆರೇಳು ಎಮ್ಮೆಗಳು ಕುತ್ತಿಗೆಯವರೆಗೆ ಮುಳುಗಿ ಕೂತಿದ್ದವು. ಅವುಗಳ ಪಕ್ಕದಲ್ಲಿ ಒಬ್ಬಾತ ತನ್ನ ಟೆಂಪೋ ತೊಳೆಯುತ್ತಿದ್ದ.

"ಹರಿಯೂ ನೀರು ಚಲೋ ಅಂತ ಎಮ್ಮಿಗೂ ಗೊತ್ತದ, ಸುಮಾ. ಅದಕ್ಕ ಅಲ್ಲಿ ಕೂತಾವ."

ಆಮೇಲೆ ತಾವೇ ಎದ್ದರು. ನೀರಿನ ಅಂಚಿನಿಂದ ಏಳೆಂಟು ಹೆಜ್ಜೆ ಈಚೆ, ಉಸುಕು ದಪ್ಪಗಿದ್ದಲ್ಲಿ, ಬರಿಗಾಲಿನಿಂದ ಅಲ್ಲಲ್ಲಿ ಒತ್ತಿ ನೋಡಿದರು. ಒಂದು ಕಡೆ ನಿಂತು ಹಿಮ್ಮಡಿ ತಿರುವಿದರು. ಕಚ್ಚೆ ಬಿಗಿದು ಮಂಡಿಯೂರಿ ಎರಡೂ ಕೈಯಿಂದ ತೋಡಲು ಶುರುಮಾಡಿದರು. ಮೊಣಕೈ ಆಳ ಹೋಗುವುದರೊಳಗೆ ತಳದಲ್ಲಿ ಉಸುಕು ಹೊಳೆಯಿತು, ಕಪ್ಪಾಯಿತು, ಮತ್ತೆ ಕಣ್ಣು ಬಿಟ್ಟಂತೆ ನೀರು ಜಿನುಗಿತು. ಪುಸ್ತಕದಲ್ಲಿ ಒರತೆ ಅನ್ನುವುದನ್ನು ಅವರು ವರತಿ ಅನ್ನುತ್ತಿದ್ದರು. ಕುಣಿ ತುಂಬಿದಾಗ ನಾನು ಲೋಟ ಚಾಚಿದೆ. ಕೈಗೆ ಮೆಲ್ಲಗೆ ಹೊಡೆದರು. ತೆಂಗಿನ ಚಿಪ್ಪಿನಿಂದ ಅಷ್ಟೂ ನೀರನ್ನು ಮೊಗೆದು ಚೆಲ್ಲಿದರು. ಮತ್ತೆ ತುಂಬುವ ತನಕ ಕಾದರು, ಮತ್ತೆ ಚೆಲ್ಲಿದರು. ಮೂರನೆಯ ಸಲ ನೀರು ನನ್ನ ಕಣ್ಣಿಗೆ ತಿಳಿಯಾಗಿಯೇ ಇತ್ತು. ಅದನ್ನು ಮಾತ್ರ ಉಸುಕಿನ ಮೇಲೆ ಚೆಲ್ಲದೆ, ಚಿಪ್ಪು ಚಿಪ್ಪಾಗಿ ಒಯ್ದು ಹೊಳೆಗೇ ಸುರಿದು ಬಂದರು. ಸುಮ್ಮನೆ ಒಳ್ಳೆಯ ನೀರು ಹಾಳಾಯಿತಲ್ಲ ಅಂದೆ.

"ಮೊದಲನೇದು ಉಸುಕಿನ ಕೊಳಿ. ಎರಡನೇದು ನಮ್ಮ ಕೈ ಕೊಳಿ. ಮೂರನೇದು ಹೊಳಿ ಪಾಲು," ಎಂದು ಬೆರಳು ಮಡಚಿದರು. "ನಾಕನೇದು ನಮ್ದು."

ನಾಲ್ಕನೆಯದನ್ನು ಬಿಳಿ ಬಟ್ಟೆಯ ಮೂಲಕ ಕೊಡಕ್ಕೆ ಸೋಸಿದರು. ನಾನು ಹಾಗಿದ್ದರೂ ಅದನ್ನು ಕುದಿಸಿಯೇ ಮಕ್ಕಳಿಗೆ ಕೊಡುವುದು ಅಂದಾಗ ಬೇಸರಪಡಲಿಲ್ಲ. "ಕುದಸು, ಕುದಸು. ನಿಮ್ಮ ಸಿಸ್ಟರಗೂ ಸಮಾಧಾನ ಆಗ್ಲಿ." ಆ ಸಿಸ್ಟರನ್ನು ಅವರು ಕಂಡವರಲ್ಲ, ಆದರೂ ಮುಂದೆ ಪ್ರತಿ ವರ್ಷ ಸ್ಟವ್ ಹೊತ್ತಿಸುವಾಗ "ಸಿಸ್ಟರ್ ಪಾತೇಲಿ ಇಟ್ಟಿಯೇನು?" ಎಂದು ನೀರು ಕುದಿಸುವ ಪಾತ್ರೆಯನ್ನು ಕೇಳುತ್ತಿದ್ದರು.

ಇನ್ನೂ ಎರಡು ನಿಯಮಗಳಿದ್ದವು. ವರತಿ ತೋಡಿದವರು ಎಲ್ಲರಿಗಿಂತ ಕೊನೆಗೆ ಕುಡಿಯಬೇಕು. ಹೊರಡುವಾಗ ಕುಣಿ ಮುಚ್ಚಿ, ಅಂಗೈಯಿಂದ ತಟ್ಟಿ ಬರಬೇಕು. ಇಲ್ಲದಿದ್ದರೆ ನೀರಿಗೆ ಬಂದ ಕರುವಿನ ಕಾಲು ಸಿಕ್ಕಿಬೀಳುತ್ತದೆ. ಹತ್ತು ವರ್ಷ ಕಾಕು ಹೀಗೆ ನಮಗೆಲ್ಲ ಕುಡಿಸಿ ಕೊನೆಗೆ ಕುಡಿದರು. ತುಂಬಿದ ಕೊಡ ಸೊಂಟಕ್ಕೇರಿಸಿ ದಂಡೆಯ ಏರು ಹತ್ತಿ ಅವರು ಬರುವುದು ಕಂಡರೆ, ಇಸ್ಪೀಟು ಆಡುತ್ತಿದ್ದ ಗಂಡಸರೂ ಕಾಲು ಮಡಚಿ ದಾರಿ ಬಿಡುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು. ಮನೆಯಲ್ಲಿ ಅಡುಗೆ ಸೊಸೆಯದು, ದುಡಿಮೆ ಮಗನದು, ನಲ್ಲಿ ತಿರುಗಿಸಿದರೆ ನೀರು. ವರ್ಷದಲ್ಲಿ ಎರಡು ದಿನ ಮಾತ್ರ ಹದಿನೈದು ಜನ ಅವರ ಕೈ ಕಾಯುತ್ತಿದ್ದರು.

ಆಮೇಲೆ ಅವರ ಮಂಡಿ ನೋವು ಹೆಚ್ಚಾಯಿತು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿರಬೇಕು, ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳು ಎಲ್ಲ ಕಡೆ ಬಂದಿದ್ದವು. ಸಂಕ್ರಮಣಕ್ಕೆ ವಾರವಿರುವಾಗ ನಮ್ಮ ಮನೆಯಲ್ಲಿ ಎಲ್ಲರೂ ಕೂತು ಯಾರು ಏನು ತರುವುದೆಂದು ಮಾತಾಡುವಾಗ ಪ್ರಲ್ಹಾದ ತಾಯಿಗೆ ಹೇಳಿದ. ಅವನ ದನಿಯಲ್ಲಿ ಕಾಳಜಿಯೇ ಇತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ.

"ಅವ್ವಾ, ಈ ಸಲ ನೀ ಬ್ಯಾಡ. ಆ ದಂಡಿ ಏರೂದು ಇಳಿಯೂದು ನಿನ್ನ ಕಡೆ ಆಗಂಗಿಲ್ಲ. ನೀರಿಂದೇನು, ನಾಕು ಕ್ಯಾನ್ ಒಯ್ತೇವಿ."

ಕಾಕು "ಹೂಂ" ಅಂದರು. ಅಷ್ಟೇ. ಮರುದಿನ ಬೆಳಿಗ್ಗೆ ಮೊಸರಿನ ಹೆಪ್ಪಿಗೆಂದು ಅವರ ಮನೆಗೆ ಹೋದಾಗ, ಯಾವಾಗಲೂ ಒಲೆಯ ಪಕ್ಕ ಹೊಳೆಯುತ್ತಿದ್ದ ಕೊಡ ಕಾಣಲಿಲ್ಲ. ಕಣ್ಣು ಹುಡುಕಿತು. ಅಟ್ಟದ ಮೇಲೆ, ಹಳೆಯ ಸೂಟ್‌ಕೇಸುಗಳ ನಡುವೆ ಬೋರಲು ಮಲಗಿತ್ತು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು.

"ಕೆಲಸ ಇಲ್ಲದಾಕಿ ಹೊಳಿಗೆ ಯಾಕ ಹೋಗಬೇಕವಾ? ಕೂತು ಉಣ್ಣಲಿಕ್ಕೇನು? ಅದು ಮನ್ಯಾಗೂ ಆಗ್ತದ."

ಹೆಪ್ಪು ಹಾಕಿದ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಅಕ್ಕಿ ಆರಿಸಲು ಕೂತರು. ಅದರಲ್ಲಿ ಆರಿಸಲು ಏನೂ ಇರಲಿಲ್ಲ. ಬರಿಯ ಅಕ್ಕಿಯಲ್ಲಿ ಬೆರಳು ಓಡಾಡುತ್ತಿತ್ತು.

ನಾನು ಜಗಳವಾಡುವವಳಲ್ಲ. ಪ್ರಲ್ಹಾದನಿಗೆ ಇಷ್ಟೇ ಹೇಳಿದೆ: ಈ ಸಲ ದಂಡೆಯಲ್ಲೇ ಬಿಸಿ ಸಜ್ಜೆ ರೊಟ್ಟಿ ಮಾಡೋಣವೆಂದಿದ್ದೇನೆ, ಬಡಿಯಲು ನನಗೆ ಬರುವುದಿಲ್ಲ, ಕಾಕು ಪಕ್ಕದಲ್ಲಿ ಕೂತು ಹೇಳಿಕೊಡದಿದ್ದರೆ ನಾನೂ ಬರುವುದಿಲ್ಲ. ಅವನು ನಕ್ಕು, ಆಗಲಿ, ಒಂದು ಕುರ್ಚಿ ಹೆಚ್ಚಿಗೆ ಹಾಕಿಕೊಳ್ಳೋಣ ಅಂದ. ಕಾಕು ಬರಲು ಒಪ್ಪಿದ್ದು ನನ್ನ ಮಾತಿಗೆ ಇಲ್ಲ ಅನ್ನಲಾರದೆ. ಕೊಡ ಅಟ್ಟದಲ್ಲೇ ಉಳಿಯಿತು. ಬರಿಗೈಯಲ್ಲಿ, ಬೀಗರ ಮನೆಗೆ ಹೊರಟವರ ಹಾಗೆ ಮಡಿಸಿದ ಶಾಲು ಹೊದ್ದು ಕೆಳಗಿಳಿದರು.

ಕ್ಯಾನುಗಳ ಹೊಣೆಯನ್ನು ಎಲ್ಲರೂ ನನಗೆ ವಹಿಸಿದ್ದರು. ಸುಮಾ ಮರೆಯುವುದಿಲ್ಲ ಎಂಬ ನಂಬಿಕೆ. ನಾನು ನಾಲ್ಕನ್ನೂ ಮನೆಯಲ್ಲೇ ತುಂಬಿಸಿ, ಮುಚ್ಚಳ ಬಿಗಿದು, ಸಾಲಾಗಿ ಮೆಟ್ಟಿಲ ಕೆಳಗಿನ ಸಾಮಾನಿನ ಗೂಡಿನ ಬಾಗಿಲ ಹಿಂದೆ ನಿಲ್ಲಿಸಿದೆ. ಬಾಗಿಲು ಎಳೆದುಕೊಂಡೆ. ಆಮೇಲೆ ಕಾಕುವಿನ ಸೊಸೆಯ ಹತ್ತಿರ ಕಂಬಳಿ ಕೇಳುವ ನೆಪ ಮಾಡಿ ಮೇಲೆ ಹೋಗಿ, ಕೊಡವನ್ನು ಅಟ್ಟದಿಂದ ಇಳಿಸಿ, ನಮ್ಮ ಹಾಸಿಗೆಯ ಸುರುಳಿಯೊಳಗೆ ಸೇರಿಸಿದೆ. ಸೊಸೆ ನೋಡಿಯೂ ನೋಡದ ಹಾಗೆ ಕಿಟಕಿ ಮುಚ್ಚುತ್ತಿದ್ದಳು. ಮಾರಲ್ ಸೈನ್ಸ್‌ನಲ್ಲಿ ನಾಲ್ಕು ವರ್ಷ ಬಹುಮಾನ ತೆಗೆದುಕೊಂಡವಳು ನಾನು. ಗಾಡಿ ಕಾತ್ರಜ್ ಘಾಟು ಹತ್ತುವ ತನಕ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ದಂಡೆಯ ಮೇಲೆ ಟೆಂಟು ಎದ್ದು, ಚಹಾಕ್ಕೆ ಸ್ಟವ್ ಹೊತ್ತಿಸಿ, ನೀರು ಎಲ್ಲಿ ಅಂದಾಗ ನೀರು ಇರಲಿಲ್ಲ. ನನ್ನ ಗಂಡ ಎರಡು ಸಲ ಗಾಡಿ ತೆರೆದು ನೋಡಿದರು. ಮೂರನೆಯ ಸಲ ನನ್ನ ಮುಖ ನೋಡಿದರು.

"ನೀನು? ಮರೆತುಬಿಟ್ಟೆಯಾ?"

ಮರೆತೆ ಅಂದೆ. ಸುಳ್ಳು ಎಷ್ಟು ಚಿಕ್ಕ ಶಬ್ದದಲ್ಲಿ ಮುಗಿದುಹೋಗುತ್ತದೆ. ಪ್ರಲ್ಹಾದ ಭೋರಿಗೆ ವಾಪಸು ಹೋಗಿ ನೀರು ತರುತ್ತೇನೆಂದು ಕೀಲಿ ಕೈಗೆತ್ತಿಕೊಂಡ. ಮಕ್ಕಳು ಆಗಲೇ ಬಾಯಾರಿಕೆ ಅನ್ನುತ್ತಿದ್ದವು. ಕುರ್ಚಿಯಲ್ಲಿ ಕೂತಿದ್ದ ಕಾಕು ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ಕಂಡೆ.

"ಮುಂದ ಹೊಳಿ ಇಟಗೊಂಡು ಊರಿಗೆ ಹೋಗ್ತಾನಂತ. ಕೂಡು ಪ್ರಲ್ಹಾದ," ಅಂದರು. ಆಮೇಲೆ ದನಿ ಸ್ವಲ್ಪ ಇಳಿಯಿತು. "ಕೊಡ ಒಂದಿದ್ರ ಆಗ್ತಿತ್ತು."

ನಾನು ಹಾಸಿಗೆ ಬಿಚ್ಚಿದೆ. ಕೊಡ ಉರುಳಿ ಹೊರಗೆ ಬಂತು. ಕಾಕು ಕೊಡವನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಗುಟುಕು ನೀರು ಬಾಯಲ್ಲಿ ಹಿಡಿದವರ ಹಾಗೆ ಮೇಲೆ ಆಕಾಶ ನೋಡಿದರು.

"ಕ್ಯಾನ್ ಮರೀತೀ, ಕೊಡ ಮರಿಯಂಗಿಲ್ಲ. ಭಾಳ ಚಲೋ ಮರವು ನಿಂದು, ಸುಮಾ."

ಮಂಡಿಯೂರುವುದು ಅವರಿಂದ ಆಗಲಿಲ್ಲ. ಒಂದು ಬಂಡೆಯ ಮೇಲೆ ಕೂತು ನನಗೆ ತೋರಿಸಿದರು. ಮೊದಲು ಬರಿಗಾಲಲ್ಲಿ ಒತ್ತು, ತಣ್ಣಗೆ ಅನಿಸಿದಲ್ಲಿ ನಿಲ್ಲು, ಅಲ್ಲಲ್ಲ, ಇನ್ನೊಂದು ಹೆಜ್ಜೆ ಈಚೆ. ನನ್ನ ಉಗುರಿನ ಸಂದಿಗೆಲ್ಲ ಉಸುಕು ಸೇರಿತು. ಮೊದಲ ಕುಣಿಯ ಗೋಡೆ ಕುಸಿದಾಗ, ರೊಟ್ಟಿಗೆ ಹಿಟ್ಟು ನಾದುವ ಕೈ ಇದಕ್ಕೆ ಬರುವುದಿಲ್ಲ, ಕೂಸಿನ ಬೆನ್ನು ತಿಕ್ಕುವ ಕೈ ಬೇಕು ಅಂದರು. ಎರಡನೆಯ ಕುಣಿ ನಿಂತಿತು. ನೀರು ಕಣ್ಣು ಬಿಟ್ಟಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕಣ್ಣಲ್ಲೂ ಬಂತು. ಮೂರು ಸಲ ಚೆಲ್ಲಿದೆ. ಮೂರನೆಯದನ್ನು ಹೊಳೆಗೆ ಕೊಟ್ಟೆ.

ಕೊಡ ತುಂಬಿದ ಮೇಲೆ ದಂಡೆಯ ಏರನ್ನು ನಾನೇ ಹೊತ್ತು ಹತ್ತಿದೆ, ಕಾಕು ನನ್ನ ಭುಜ ಹಿಡಿದು ಹಿಂದೆ ಬಂದರು. ಟೆಂಟು ಇನ್ನು ಹತ್ತು ಹೆಜ್ಜೆ ಇರುವಾಗ ನಿಲ್ಲು ಅಂದರು. ಅರ್ಧ ನೀರನ್ನು ಪಾತ್ರೆಗೆ ಬಗ್ಗಿಸಲು ಹೇಳಿದರು. ಹಗುರಾದ ಕೊಡವನ್ನು ಇಸಿದುಕೊಂಡು, ನೆಗ್ಗಿದ ಬದಿಯನ್ನು ಸೊಂಟಕ್ಕೆ ಕೂರಿಸಿ, ಆ ಹತ್ತು ಹೆಜ್ಜೆಯನ್ನು ಒಬ್ಬರೇ ನಡೆದರು. ನಾನು ಪಾತ್ರೆ ಹಿಡಿದು ಹಿಂದೆ ಬಂದೆ. ಇಸ್ಪೀಟಿನವರು ಕಾಲು ಮಡಚಿದರು. ಪ್ರಲ್ಹಾದ ಎದ್ದು ನಿಂತವನು ಕೈ ಚಾಚಲಿಲ್ಲ. ತಾಯಿ ಕೊಡವನ್ನು ತಾವೇ ಇಳಿಸುವ ತನಕ ಕಾದು, ಮೊದಲ ಲೋಟಕ್ಕೆ ಬಂದು ನಿಂತ. ಎರಡು ದಿನ ಕ್ಯಾನಿನ ಹೆಸರು ಯಾರೂ ಎತ್ತಲಿಲ್ಲ. ಆ ಮೊದಲ ಸರತಿಯಲ್ಲಿ ಎಲ್ಲರೂ ಕುಡಿದಾದ ಮೇಲೆ ಕಾಕು ಲೋಟವನ್ನು ನನ್ನ ಕಡೆ ಚಾಚಿದರು. "ತೋಡಿದಾಕಿ ನೀನು. ಕಡೀಕ ನೀನ ಕುಡೀಬೇಕು." ಅಂದು ನಾನು ಕುದಿಸದೆ ಕುಡಿದೆ. ಸಿಸ್ಟರ್ ಕ್ಷಮಿಸಲಿ.

ಅದೇ ವರ್ಷ ಪ್ರಲ್ಹಾದ ಪುಣೆಯ ಇನ್ನೊಂದು ತುದಿಯ ವಾಕಡದಲ್ಲಿ ಮನೆ ಕೊಂಡ. ಏಳನೇ ಮಹಡಿ, ಲಿಫ್ಟು, ದಿನಕ್ಕೆರಡು ಸಲ ಟ್ಯಾಂಕರಿನ ನೀರು. ಮುಂದಿನ ಜನವರಿಯಲ್ಲಿ ಕಾಕು ನಿಜವಾಗಿಯೂ ಬರುವ ಸ್ಥಿತಿಯಲ್ಲಿರಲಿಲ್ಲ. ಕೊಡವನ್ನು ಮಾತ್ರ ಮಗನ ಕೈಯಲ್ಲಿ ನನಗೆ ಕಳಿಸಿದ್ದರು. ದಂಡೆಯಲ್ಲಿ ನಾನೇ ವರತಿ ತೋಡಿದೆ, ಎರಡು ದಿನವೂ. ಹೊರಡುವ ದಿನ ಅವರಿಗೆಂದು ಹೊಸ ಕುಣಿ ತೋಡಿ ಒಂದು ಬಾಟಲಿ ತುಂಬಿಸಿಕೊಂಡು, ಕುಣಿ ಮುಚ್ಚಿ ತಟ್ಟಿ, ಮರುದಿನ ಬಸ್ಸು ಬದಲಿಸಿ ಬದಲಿಸಿ ವಾಕಡಕ್ಕೆ ಹೋದೆ.

ಕಾಕು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಮೊದಲಿಗಿಂತಲೂ ಕುಗ್ಗಿದ್ದರು. ಏನು ತಂದೆ ಎಂದು ಕೇಳಲಿಲ್ಲ, ಬಾಟಲಿ ನೋಡಿಯೇ ಲೋಟಕ್ಕೆ ಕೈ ಚಾಚಿದರು. ಒಂದು ಗುಟುಕು ಬಾಯಲ್ಲಿ ಹಿಡಿದು ಏಳನೇ ಮಹಡಿಯ ಬಿಳಿ ಸೂರು ನೋಡಿದರು. ತುಂಬ ಹೊತ್ತು ನೋಡಿದರು. ನಾನು ಆ ಮೊದಲ ದಿನದಂತೆಯೇ ಅವರ ಮುಖ ಕಾಯುತ್ತ ನಿಂತಿದ್ದೆ.

"ಎಷ್ಟು ಸಲ ಗೋರಿ ಚೆಲ್ಲಿದಿ?"

ಮೂರು ಅನ್ನಲು ಬಾಯಿ ತೆರೆದೆ. ಆಗಲಿಲ್ಲ. ಹೊರಡುವ ಅವಸರ, ನಮ್ಮವರು ಹಾರ್ನ್ ಹೊಡೆಯುತ್ತಿದ್ದರು, ಎರಡು ಸಲಕ್ಕೇ ನೀರು ತಿಳಿಯಾಗಿ ಕಂಡಿತ್ತು. ಎರಡು ಅಂದೆ.

ಕಾಕು ನಕ್ಕರು. ಆ ನಗುವಿನಲ್ಲಿ ದಿಂಬು ಕೂಡ ಅಲುಗಾಡಿತು. "ಹೊಳಿ ಪಾಲು ನನಗ ತಂದು ಕುಡಿಸ್ಲಿಕ್ಕತ್ತೀಯೇನ?" ಎಂದು, ಉಳಿದ ನೀರನ್ನು ನಿಧಾನವಾಗಿ, ಒಂದು ಹನಿ ಬಿಡದೆ ಕುಡಿದರು. ಲೋಟ ನನ್ನ ಕೈಗಿಟ್ಟರು. "ಇರ್ಲಿ ಬಿಡು. ಸವಿ ಅದ. ಇಷ್ಟು ವರ್ಷ ಕೊಟ್ಟೀನಲ್ಲ, ಒಂದು ಸಲ ಅದೂ ನಂಗ ಕೊಡ್ಲಿ."

ಮಾತು ಆಮೇಲೆ ಬೇರೆ ಕಡೆಗೆ ಹೋಯಿತು, ಟ್ಯಾಂಕರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂಬ ದೂರಿಗೆ, ನಮ್ಮ ಹಳೆಯ ಚೇರ್ಮನ್ನರಿಗೆ. ಮೇಷ್ಟ್ರು ಈಗಲೂ ಕೇಳುತ್ತಾರಾ ಅಂದರು. ಕೇಳುತ್ತಾರೆ, ಕಾಕು ಇಲ್ಲ, ನೀರು ಹೇಗಿದೆ ಅಂತ ಯಾರನ್ನು ಕೇಳಲಿ ಅನ್ನುತ್ತಾರೆ ಅಂದೆ. ಅದು ಅವರಿಗೆ ಬಹಳ ಹಿಡಿಸಿತು. ಹೊರಡುವಾಗ ಕೊಡ ವಾಪಸು ತರುತ್ತೇನೆ ಅಂದದ್ದಕ್ಕೆ, ಅಟ್ಟದ ಮೇಲೆ ಬೋರಲು ಹಾಕುವುದಿಲ್ಲವೆಂದರೆ ನಿನ್ನ ಹತ್ತಿರವೇ ಇರಲಿ ಅಂದರು.

ಮಳೆಗಾಲ ಮುಗಿಯುವ ಮುಂಚೆ ಕಾಕು ಹೋದರು.

ಮುಂದಿನ ಸಂಕ್ರಮಣಕ್ಕೆ ಪ್ರಲ್ಹಾದನೂ ವಾಕಡದಿಂದ ಬಂದ. ನಾನು ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಕೂತೆ. ಅದರ ನೆಗ್ಗು ನನ್ನ ಸೊಂಟಕ್ಕೆ ಇನ್ನೂ ಸರಿಯಾಗಿ ಕೂರುವುದಿಲ್ಲ. ದಂಡೆಗಿಳಿದು ಬರಿಗಾಲಿನಿಂದ ಒತ್ತಿ ನೋಡಿ, ತಣ್ಣಗಿದ್ದಲ್ಲಿ ತೋಡಿದೆ. ಮೊದಲನೆಯದನ್ನು ಚೆಲ್ಲಿದೆ, ಎರಡನೆಯದನ್ನು ಚೆಲ್ಲಿದೆ, ಮೂರನೆಯದನ್ನು ಚಿಪ್ಪು ಚಿಪ್ಪಾಗಿ ಒಯ್ದು ಹೊಳೆಗೆ ಸುರಿದೆ. ಕುಣಿ ಮತ್ತೆ ತುಂಬಿತು. ಕನ್ನಡಿಯಂಥ ನೀರು. ಪ್ರಲ್ಹಾದ ಬಟ್ಟೆ ಹಿಡಿದು, ಕೊಡ ಮುಂದೆ ಮಾಡಿ ಕೂತಿದ್ದ. ನಾನು ಅದನ್ನೂ ಮೊಗೆದು ಹೊಳೆಗೆ ಒಯ್ದೆ.

"ಯಾಕ್ರೀ, ಮೂರ ಅಲ್ಲೇನ್ರಿ ಅವ್ವನ ಲೆಕ್ಕ?" ಎಂದು ಕೇಳಿದ.

"ಹೌದು. ಇದು ಹೋದ ವರ್ಷದ್ದು," ಅಂದೆ.

ಐದನೆಯ ಸಲದ ನೀರನ್ನು ಸೋಸಿದೆವು. ಎಲ್ಲರೂ ಕುಡಿದರು, ಕೊನೆಗೆ ನಾನು.